ಎಲ್ಲಾ ಪಾಸ್ ಆದ ಮೇಲೂ ಏನು ಟೆಸ್ಟ್ ಮಾಡ್ತೀರಿ?

"ರಿಕ್ವೈರ್‌ಮೆಂಟ್‌ನಲ್ಲಿ ಇರೋದೆಲ್ಲಾ ಪಾಸ್ ಆಯ್ತಲ್ಲ, ಇನ್ನೂ ಏನು ನೋಡ್ತಾ ಕೂತಿದ್ದೀರಿ?" ಡೆವಲಪರ್‌ಗಳು ಕೇಳುತ್ತಾರೆ, ಮ್ಯಾನೇಜರ್‌ಗಳು ಕೇಳುತ್ತಾರೆ, ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಹೊಸದಾಗಿ ಬಂದವರೂ ಕೇಳುತ್ತಾರೆ. ರಿಕ್ವೈರ್‌ಮೆಂಟ್ ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು ಅಂತ ಮೊದಲೇ ಬರೆದಿಟ್ಟ ಪಟ್ಟಿ. ನನ್ನ ಉತ್ತರ ಇಷ್ಟೇ: ಆ ರಿಕ್ವೈರ್‌ಮೆಂಟ್ ಬರೆದವರಿಗೆ ಹೊಳೆಯದೇ ಉಳಿದದ್ದನ್ನು ಹುಡುಕುತ್ತಾ ಕೂತಿದ್ದೇನೆ.

ನಾನೇ ಮಾಡಿದ ಒಂದು ಕೆಲಸ ಹೇಳುತ್ತೇನೆ. ಒಂದು ಫಾರ್ಮ್. "ಹೆಸರು 20 ಅಕ್ಷರ ಮೀರಬಾರದು" ಅಂತ ಬರೆದಿತ್ತು. 20 ಇಂಗ್ಲಿಷ್ ಅಕ್ಷರ ಹಾಕಿದೆ, ಸೇವ್ ಆಯಿತು. 21 ಹಾಕಿದೆ, ಆಗಲ್ಲ ಅಂತ ಮೆಸೇಜ್ ಬಂತು. ಎರಡು ಟೆಸ್ಟ್ ಕೇಸ್, ಎರಡೂ ಪಾಸ್.

ಆಮೇಲೆ ಅದೇ ಜಾಗದಲ್ಲಿ "ಲಕ್ಷ್ಮೀ" ಅಂತ ಟೈಪ್ ಮಾಡಿದೆ. ನಮ್ಮ ಕಣ್ಣಿಗೆ ಅದು ಎರಡೇ ಅಕ್ಷರ, ಅಲ್ವಾ? ಕಂಪ್ಯೂಟರ್‌ನಲ್ಲಿ ಪ್ರತಿ ಲಿಪಿಯ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಅದನ್ನು ಬಿಡಿಸಿ ಎಣಿಸುತ್ತದೆ: ಲ, ಕ, ಹಲಂತ, ಷ, ಮತ್ತೆ ಹಲಂತ, ಮ, ಕೊನೆಗೆ "ಈ" ಎಂಬ ಸ್ವರದ ಚಿಹ್ನೆ. ಒಟ್ಟು 7. ಆ ಚಿಹ್ನೆಗಳನ್ನು ಕಂಪ್ಯೂಟರ್‌ನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಅಂದರೆ 21 ಬೈಟ್. ಸ್ಕ್ರೀನ್ 7 ಅಂತ ಎಣಿಸಿ ಒಳಗೆ ಬಿಟ್ಟಿತು. ಹಿಂದಿದ್ದ ಪ್ರೋಗ್ರಾಂ ಬೈಟ್ ಎಣಿಸಿ 20ಕ್ಕೆ ಕತ್ತರಿಸಿತು. ಮತ್ತೆ ತೆರೆದು ನೋಡಿದರೆ "ಲಕ್ಷ್ಮ", ಅದರ ಪಕ್ಕ ಒಂದು ಒಡೆದ ಗುರುತು. ಯಾವ ಎರರ್ರೂ ಇಲ್ಲ. ತನ್ನ ಹೆಸರನ್ನು ಸರಿಯಾಗೇ ಬರೆದ ಒಬ್ಬರ ಹೆಸರು ಸದ್ದಿಲ್ಲದೆ ಕೆಟ್ಟುಹೋಯಿತು.

ಇಲ್ಲಿ ತಪ್ಪು ಬರೀ ಕೋಡ್‌ನಲ್ಲಿ ಇರಲಿಲ್ಲ. "ಅಕ್ಷರ" ಅಂದರೆ ಯಾವ ಲೆಕ್ಕ ಅಂತ ಯಾರೂ ಕೇಳಿರಲಿಲ್ಲ.

ದೊಡ್ಡ ಮಟ್ಟದಲ್ಲೂ ಹೀಗೇ ಆಗಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಹೊರಟ ಸುಮಾರು 40 ಸೆಕೆಂಡಿಗೆ ದಾರಿ ತಪ್ಪಿ ಚೂರಾಯಿತು. ದಿಕ್ಕು ಹೇಳುವ ಸಾಧನದ ಸಾಫ್ಟ್‌ವೇರ್ ಹಳೆಯ ಏರಿಯಾನ್ 4ರಿಂದ ಬಂದಿತ್ತು, ಅಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಅದರಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಜಾಗವಿತ್ತು. ಅಲ್ಲಿ ಹಿಡಿಸುವುದು 32,767ರವರೆಗೆ ಮಾತ್ರ. ಹೊಸ ರಾಕೆಟ್‌ನ ಅಡ್ಡ ವೇಗ ಜಾಸ್ತಿ, ಸಂಖ್ಯೆ ಹಿಡಿಸಲಿಲ್ಲ. ಬದಲಿಗೆ ಇಟ್ಟಿದ್ದ ಎರಡನೇ ಸಾಧನದಲ್ಲೂ ಅದೇ ಸಾಫ್ಟ್‌ವೇರ್, ಹಾಗಾಗಿ ಎರಡೂ ನಿಂತವು. ನನ್ನನ್ನು ಹಿಡಿದು ನಿಲ್ಲಿಸುವುದು ತನಿಖಾ ವರದಿಯ ಒಂದು ಮಾತು: ಏರಿಯಾನ್ 5 ಹಾರುವ ದಾರಿಯ ಲೆಕ್ಕ ಆ ಸಾಧನದ ರಿಕ್ವೈರ್‌ಮೆಂಟ್‌ನಲ್ಲೇ ಇರಲಿಲ್ಲ. ಸಾಲು ಸಾಲಾಗಿ ಟಿಕ್ ಹಾಕುತ್ತಾ ಹೋದವರಿಗೆ ಅದು ಸಿಗುವುದಾದರೂ ಹೇಗೆ?

ಜೇಮ್ಸ್ ಬಾಕ್ ಮತ್ತು ಮೈಕೆಲ್ ಬೋಲ್ಟನ್ ಎಂಬ ಟೆಸ್ಟಿಂಗ್ ತಜ್ಞರು ಚೆಕಿಂಗ್ ಬೇರೆ, ಟೆಸ್ಟಿಂಗ್ ಬೇರೆ ಅಂತ ಹೇಳುತ್ತಾ ಬಂದಿದ್ದಾರೆ. ಬರೆದಿಟ್ಟದ್ದಕ್ಕೆ ಹೊಂದುತ್ತದಾ ಅಂತ ನೋಡುವುದು ಚೆಕಿಂಗ್, ಪ್ರಶ್ನೆ ಕೇಳುತ್ತಾ ಗೊತ್ತಿಲ್ಲದ್ದನ್ನು ಹುಡುಕುವುದು ಟೆಸ್ಟಿಂಗ್. ನನಗೂ ಅದೇ ಸರಿ ಅನ್ನಿಸುತ್ತದೆ. ಹಾಗಂತ ಚೆಕಿಂಗ್ ಬೇಡ ಅಂತಲ್ಲ. ಬೇಕೇ ಬೇಕು. ನಿನ್ನೆ ಸರಿ ಇದ್ದದ್ದು ಇವತ್ತೂ ಸರಿ ಇದೆಯಾ ಅಂತ ಸಾಫ್ಟ್‌ವೇರ್‌ನ ಪ್ರತಿ ಹೊಸ ಬಿಲ್ಡ್‌ಗೂ ನೋಡಲೇಬೇಕು. ಆ ಕೆಲಸವನ್ನು ಸ್ಕ್ರಿಪ್ಟ್, ಅಂದರೆ ಚೆಕ್ ಮಾಡಲೆಂದೇ ಬರೆದಿಟ್ಟ ಪ್ರೋಗ್ರಾಂ, ಬೇಸರವಿಲ್ಲದೆ ಮಾಡುತ್ತದೆ, ಮಾಡಲಿ. ಆದರೆ "20 ಅಕ್ಷರ ಅಂದರೆ ಏನು?" ಅಂತ ಸ್ಕ್ರಿಪ್ಟ್ ತಾನಾಗೇ ಎದ್ದು ಕೇಳುವುದಿಲ್ಲ.

"ಹೀಗೆ ಹುಡುಕ್ತಾ ಹೋದರೆ ಕೊನೆ ಎಲ್ಲಿ?" ಅಂತಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ನೋಡಲು ಆಗುವುದಿಲ್ಲ. ಕೆಟ್ಟರೆ ಯಾರಿಗೆ ಪೆಟ್ಟು, ಎಷ್ಟು ದೊಡ್ಡ ಪೆಟ್ಟು ಅಂತ ಮೊದಲು ಯೋಚಿಸುತ್ತೇನೆ, ಅಲ್ಲಿಂದ ಶುರು ಮಾಡುತ್ತೇನೆ. ರಿಪೋರ್ಟ್‌ನಲ್ಲಿ ಸುಮ್ನೆ "ಪಾಸ್" ಅಂತ ಬರೆದು ಮುಗಿಸುವುದಿಲ್ಲ. ಏನು ನೋಡಿದೆ, ಏನು ನೋಡಿಲ್ಲ, ಎರಡನ್ನೂ ಬರೆಯುತ್ತೇನೆ.

ಆ ಹೆಸರಿನ ಫಾರ್ಮ್‌ಗೆ ಹೀಗೆ ಬರೆದಿದ್ದೆ: "ಕನ್ನಡ, ಇಂಗ್ಲಿಷ್ ನೋಡಿದ್ದೇನೆ. ಬೇರೆ ಲಿಪಿ ನೋಡಿಲ್ಲ. ಇದೇ ಹೆಸರು ಸರ್ಟಿಫಿಕೇಟ್‌ನಲ್ಲಿ ಪ್ರಿಂಟ್ ಆಗುವುದನ್ನು ನೋಡಿಲ್ಲ." ಮ್ಯಾನೇಜರ್ ಕೊನೆಯ ಸಾಲನ್ನು ಎರಡು ಸಲ ಓದಿದರು. "ಪ್ರಿಂಟ್ ಕೂಡ ನೋಡಿಬಿಡಿ, ಎರಡು ದಿನ ತಗೊಳ್ಳಿ" ಅಂದರು.