ರಾಜ-ಗುಲಾಮ ಬಂದರೆ ನಾನು ಎಲೆ ಮಡಚಿಡುತ್ತೇನೆ

ಸ್ಯಾನ್ ಹೋಸೆಯ ಕಾರ್ಡ್ ರೂಮಿನಲ್ಲಿ ನಾನು ಕೂರುವುದು 4-8 ಡಾಲರಿನ ಲಿಮಿಟ್ ಹೋಲ್ಡೆಮ್ ಮೇಜಿಗೆ: ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಪಣ ನಿಗದಿಯಾದ ಪೋಕರ್ ಆಟ. ಮೊದಲೆರಡು ಸುತ್ತಿನ ಪಣ 4, ಆಮೇಲೆ 8. ಅಷ್ಟಕ್ಕೆ ಹೆದರಿ ಏಳುವವರು ಯಾರೂ ಇಲ್ಲ. ಆರು ಜನ ಫ್ಲಾಪ್, ಅಂದರೆ ಮೇಜಿನ ಮೇಲೆ ಒಟ್ಟಿಗೆ ತೆರೆಯುವ ಮೊದಲ ಮೂರು ಎಲೆ, ನೋಡುವುದು ಮಾಮೂಲು.

ಇಂಥಲ್ಲಿ ಕಳಾವರ್ ರಾಜ, ಆಟೀನ್ ಗುಲಾಮ ನೋಡೋಕೆ ಚೆಂದ, ಜೇಬಿಗೆ ಕೇಡು. ರಾಜ ಜೋಡಿಯಾದಾಗಲೇ ಎದುರಿನವನ ಹತ್ತಿರ ಎಕ್ಕ-ರಾಜ ಇರುತ್ತೆ. ಅದಕ್ಕಿಂತ ಎರಡೂ ಆಟೀನ್ ಆದ ಎಕ್ಕ-ಐದು ವಾಸಿ (ಐದು ಆಟೀನ್ ಕೂಡುವ ಆಸೆಯಾದರೂ ಇರುತ್ತೆ), ಅದೂ ಸರದಿ ಕೊನೆಗೆ ಬರುವಂತಿದ್ದರೆ. ಜೋಡಿ ನಾಲ್ಕು? ಫ್ಲಾಪಿನಲ್ಲಿ ಮೂರನೆಯ ನಾಲ್ಕು ಸಿಗುವುದು ಸುಮಾರು ಎಂಟೂವರೆಗೆ ಒಂದು ಸಲ. ಐದಾರು ಜನ ದುಡ್ಡು ಹಾಕಿದ್ದರೆ ಸರಿ, ಇಲ್ಲದಿದ್ದರೆ ಬೇಡ.

ಜೋಡಿ ಎಕ್ಕ ಹಿಡಿದು ರೇಸ್ ಮಾಡದೆ (ಪಣ ಏರಿಸದೆ) ಅವಿತು ಕೂರುವ ಜಾಣರೂ ಇದ್ದಾರೆ, ಪುಣ್ಯಾತ್ಮರು! ಎದುರಿಗೆ ಒಂಬತ್ತು ಜನ ಸಿಕ್ಕಸಿಕ್ಕ ಎಲೆ ಹಿಡಿದು ಕೊನೆವರೆಗೂ ನಿಂತರೆ ಆ ಎಕ್ಕಗಳೂ ಗೆಲ್ಲುವುದು ಶೇ. 31ರ ಆಸುಪಾಸು.