ಎರಡೂವರೆ ನಿಮಿಷ

ಕೊನೆಗೂ 10 ಕಿಲೋಮೀಟರನ್ನು 54 ನಿಮಿಷ 38 ಸೆಕೆಂಡಿಗೆ ಮುಗಿಸಿದೆ! ಹೋದ ವರ್ಷ ಇದೇ ಬೆಂಗಳೂರು ವರ್ಲ್ಡ್ ಟೆನ್‌ಕೆ ಓಟದಲ್ಲಿ 57:10 ಆಗಿತ್ತು. ಆಗ ಮೊದಲ ಕಿಲೋಮೀಟರನ್ನು ಐದೇ ನಿಮಿಷಕ್ಕೆ ಓಡಿ, ಹಲಸೂರು ಕೆರೆ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿದ್ದೆ. ಈ ಸಲ ಯಾರು ಎಷ್ಟೇ ಮುಂದೆ ಹೋಗಲಿ ಅಂತ ಮೊದಲ ಕಿಲೋಮೀಟರನ್ನು 5 ನಿಮಿಷ 45 ಸೆಕೆಂಡಿನ ವೇಗದಲ್ಲಿ ಶುರು ಮಾಡಿದೆ. ಅದೇ ಕೈ ಹಿಡಿದದ್ದು. ಆರಂಭದಲ್ಲಿ ಕಾಲನ್ನು ತಡೆದು ಹಿಡಿಯೋದೇ ಜಾಸ್ತಿ ಕಷ್ಟ, ಅಲ್ವಾ?

ಎಂಟನೇ ಕಿಲೋಮೀಟರಿನಲ್ಲಿ ಎಡ ಮೀನಖಂಡ ಹಿಡಿದುಕೊಂಡಿತು. ಹೆಜ್ಜೆ ಚಿಕ್ಕದು ಮಾಡಿ, ಮುಂದಿದ್ದವರ ಬೆನ್ನಿಗೆ ಬೆವರಿನಿಂದ ಅಂಟಿದ್ದ ಹಳದಿ ಟೀ ಶರ್ಟನ್ನೇ ನೋಡುತ್ತ ಓಡಿದೆ.

ಭಾನುವಾರದ ಕಬ್ಬನ್ ಪಾರ್ಕಿಗೆ ನಾನು ಋಣಿ. ಗಾಡಿಗಳಿಲ್ಲದ ಆ ರಸ್ತೆಯಲ್ಲಿ ವಾರವಾರ 14 ಕಿಲೋಮೀಟರ್, ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ.

ಮೆಡಲನ್ನು ಅಮ್ಮ ದೇವರ ಪಟದ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ.