ಸರ್‌ನೇಮ್ ಇಲ್ಲದ ಕಪಾಟು

ನ್ಯೂಯಾರ್ಕ್‌ನ ಲೆಸ್ಬಿಯನ್ ಹರ್‌ಸ್ಟೋರಿ ಆರ್ಕೈವ್ಸ್ ಅಂದರೆ ಹೆಂಗಸರನ್ನೇ ಪ್ರೀತಿಸುವ ಹೆಂಗಸರ ಪುಸ್ತಕ, ಕಾಗದ, ಫೋಟೊಗಳನ್ನು ಕೂಡಿಟ್ಟಿರುವ ಜಾಗ. ಅಲ್ಲಿ ಪುಸ್ತಕಗಳನ್ನು ಬರೆದವಳ ಸರ್‌ನೇಮ್ ನೋಡಿ ಇಡುವುದಿಲ್ಲ, ಅವಳ ಸ್ವಂತ ಹೆಸರು ನೋಡಿ ಇಡುತ್ತಾರೆ. ಜೋನ್ ನೆಸಲ್ ಬರೆದದ್ದು ಬೇಕಾದರೆ 'ಜೆ' ಹತ್ತಿರ ಹುಡುಕಬೇಕು, 'ಎನ್' ಹತ್ತಿರ ಅಲ್ಲ. ಸರ್‌ನೇಮ್ ಬರುವುದು ಅಪ್ಪನಿಂದ, ಇಲ್ಲಾ ಗಂಡನಿಂದ. ಅದು ಇಲ್ಲಿ ಬೇಡ ಅಂತ.

ಊರಿನ ಕಾಲೇಜು ಲೈಬ್ರರಿಯಲ್ಲಿ ದುಡಿದು ಈಗ ಮಗಳ ಜೊತೆ ನ್ಯೂಜೆರ್ಸಿಯಲ್ಲಿರುವ ನನಗೆ ಮೊದಲು ಬಂದ ಯೋಚನೆ, ಅಯ್ಯೋ, ಎಷ್ಟು ಜನ ಮೇರಿಯರು ಒಂದೇ ಸಾಲಿನಲ್ಲಿ! ಆಮೇಲೆ ಖುಷಿಯಾಯಿತು. ನಮ್ಮ ಕಡೆ ಸರ್‌ನೇಮ್ ಎಲ್ಲಿತ್ತು? ಹೆಸರಿನ ಮುಂದೆ ಎರಡು ಇನಿಶಿಯಲ್, ಮುಗಿಯಿತು. ಪಾಸ್‌ಪೋರ್ಟಿಗೆಂದು ಅದನ್ನು ಬಿಡಿಸಿ ಬರೆದಾಗ ಅಪ್ಪನ ಹೆಸರೇ ನನ್ನ ಸರ್‌ನೇಮ್ ಆಗಿ ಕೂತಿತು. ಇಲ್ಲಿಯ ಆಸ್ಪತ್ರೆಗಳಲ್ಲಿ "ಮಿಸೆಸ್ ರಾಮಚಂದ್ರಪ್ಪ" ಅಂತ ಕೂಗುತ್ತಾರೆ. ಅಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಈ ಆರ್ಕೈವ್ಸ್ ಶುರುವಾದದ್ದು 1974ರಲ್ಲಿ. ಜೋನ್ ನೆಸಲ್, ಡೆಬೊರಾ ಎಡೆಲ್ ಮತ್ತು ಇನ್ನು ಕೆಲವು ಗೆಳತಿಯರು ಸೇರಿ ಮಾಡಿದ್ದು. ಲೆಸ್ಬಿಯನ್ ಹೆಂಗಸರು ತೀರಿಕೊಂಡರೆ ಅವರ ಕಾಗದ, ಫೋಟೊಗಳನ್ನು ಮನೆಯವರೇ ನಾಚಿಕೊಂಡು ಎಸೆದುಬಿಡುತ್ತಿದ್ದ ಕಾಲ ಅದು. ಮ್ಯಾನ್‌ಹಟನ್‌ನಲ್ಲಿದ್ದ ಜೋನ್ ಅವರ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಗೆ ಸೇರಿದ ಉಗ್ರಾಣದ ಕೋಣೆಯೇ ಮೊದಲ ಜಾಗ. ನಿಧಾನಕ್ಕೆ ಇಡೀ ಮನೆಗೇ ಹಬ್ಬಿತು. ಸುಮಾರು ಇಪ್ಪತ್ತು ವರ್ಷ ಗುರುತಿಲ್ಲದವರೂ ಬಂದು ಅಲ್ಲೇ ಕೂತು ಓದಿದರು. ಯಾರೋ ಒಬ್ಬರ ಮನೆಯಲ್ಲಿ! ನಮ್ಮ ಮನೆಗೆ ಎರಡು ದಿನ ನೆಂಟರು ಬಂದರೇ ನನಗೆ ಸಾಕಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದವರು ಮೇಬಲ್ ಹ್ಯಾಂಪ್ಟನ್. 1902ರಲ್ಲಿ ಹುಟ್ಟಿದ ಕಪ್ಪು ಹೆಂಗಸು. ಹಾರ್ಲೆಮ್‌ನಲ್ಲಿ ನರ್ತಕಿಯಾಗಿದ್ದರು, ಆಮೇಲೆ ಬಹಳ ವರ್ಷ ಬೇರೆಯವರ ಮನೆಕೆಲಸ ಮಾಡಿದರು. ತಾವು ಕೂಡಿಟ್ಟಿದ್ದ ಅಗ್ಗದ ಲೆಸ್ಬಿಯನ್ ಕಾದಂಬರಿಗಳನ್ನೆಲ್ಲ ಇಲ್ಲಿಗೆ ಕೊಟ್ಟರು. ಜೋನ್ ಅವರ ಮುಂದೆ ಕೂತು ತಮ್ಮ ಬದುಕನ್ನು ಟೇಪಿನಲ್ಲಿ ಹೇಳಿಕೊಂಡರು. ನಾನು ಕೆಲಸ ಮಾಡಿದ ಕಡೆ ಅಂಥ ಪುಸ್ತಕ ಯಾರಾದರೂ ತಂದುಕೊಟ್ಟಿದ್ದರೆ ಸೀದಾ ರದ್ದಿಗೆ ಹೋಗುತ್ತಿತ್ತು.

ಆರ್ಕೈವ್ಸ್ ಈಗ ಇರುವುದು ಬ್ರೂಕ್ಲಿನ್‌ನ ಪಾರ್ಕ್ ಸ್ಲೋಪ್‌ನಲ್ಲಿ, ಸ್ವಂತ ಮನೆಯಲ್ಲಿ. ಊರೂರಿನ ಹೆಂಗಸರು ಕೈಲಾದಷ್ಟು ಕಳಿಸಿದ ದುಡ್ಡಿನಿಂದ ಕೊಂಡದ್ದು, ತೆರೆದದ್ದು 1993ರಲ್ಲಿ. 2022ರಲ್ಲಿ ನಗರದವರು ಆ ಕಟ್ಟಡವನ್ನು ಸ್ಮಾರಕ ಅಂತ ಘೋಷಿಸಿದರು. ಆದರೆ ಸರ್ಕಾರದ ದುಡ್ಡನ್ನು ನೆಚ್ಚಿಕೊಳ್ಳಬಾರದು, ಸಂಗ್ರಹವನ್ನು ಯಾವ ಯೂನಿವರ್ಸಿಟಿಗೂ ಒಪ್ಪಿಸಬಾರದು ಅನ್ನುವುದು ಮೊದಲಿನಿಂದ ಬಂದ ನಿಲುವು. ಕೆಲಸವೆಲ್ಲ ಸಂಬಳವಿಲ್ಲದ ಸ್ವಯಂಸೇವಕರದ್ದು, ಹಳಬರು ಹೊಸಬರಿಗೆ ಕಲಿಸಿಕೊಡುತ್ತಾರೆ. ಓದಲು ಬರುವವರಿಗೆ ಡಿಗ್ರಿ ಬೇಕಿಲ್ಲ, ಪ್ರೊಫೆಸರರ ಪತ್ರವೂ ಬೇಕಿಲ್ಲ. ಅಂಥ ಪತ್ರ ಇಲ್ಲ ಅಂತ ಎಷ್ಟು ಹುಡುಗಿಯರನ್ನು ನಮ್ಮ ಕೌಂಟರಿನಿಂದ ವಾಪಸ್ ಕಳಿಸುತ್ತಿದ್ದೆವು, ನಿಯಮ ಹಾಗಿತ್ತು.